ಸೀಸಿಯಂ ಹಿಡಿಯುವ ಕಲ್ಲು

ಪುಣೆಯ ಸುತ್ತಮುತ್ತ ಕಲ್ಲು ಕ್ವಾರಿಗಳಿವೆ. ಜಲ್ಲಿಗೆಂದು ಅಲ್ಲಿ ಕಪ್ಪು ಬಂಡೆ ಒಡೆಯುವಾಗ ಆಗೊಮ್ಮೆ ಈಗೊಮ್ಮೆ ಬಂಡೆಯೊಳಗೆ ಒಂದು ಪೊಳ್ಳು ಸಿಗುತ್ತದೆ. ಪೊಳ್ಳಿನ ಒಳಗೋಡೆಯ ತುಂಬ ಹರಳುಗಳು. ಕೆಲವು ಬಿಳಿ, ಕೆಲವು ತಿಳಿ ಕಿತ್ತಳೆ, ಅಪರೂಪಕ್ಕೆ ಕಡುನೀಲಿಯವೂ ಉಂಟು. ಜಲ್ಲಿಯಾಗಿ ರಸ್ತೆ ಸೇರಬೇಕಿದ್ದ ಈ ಹರಳುಗಳು ಎಷ್ಟೋ ಸಲ ದೂರದ ದೇಶಗಳ ವಸ್ತುಸಂಗ್ರಹಾಲಯಗಳ ಗಾಜಿನ ಕಪಾಟು ಸೇರಿವೆ.

ಅದೇ ಕಪ್ಪು ಬಂಡೆ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೂ ಹಬ್ಬಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಆರಿ ಆದ ಬಂಡೆ ಅದು. ಲಾವಾದೊಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು ಹಾಗೇ ಗಟ್ಟಿಯಾಗಿ ಪೊಳ್ಳುಗಳಾದವು. ಆಮೇಲೆ ಬಿಸಿನೀರು ಬಂಡೆಯ ಸಂದಿಗಳಲ್ಲಿ ಜಿನುಗಿ, ದಾರಿಯುದ್ದಕ್ಕೂ ಕರಗಿಸಿಕೊಂಡು ಬಂದದ್ದನ್ನೆಲ್ಲ ಆ ಪೊಳ್ಳುಗಳಲ್ಲಿ ಹರಳುಗಟ್ಟಿಸಿತು. ಹೀಗೆ ಹುಟ್ಟಿದ ಹರಳುಗಳಲ್ಲಿ ಸ್ಟಿಲ್ಬೈಟ್ ಎನ್ನುವುದೂ ಒಂದು.

1756ರಲ್ಲಿ ಸ್ವೀಡನ್ ದೇಶದ ಆಕ್ಸೆಲ್ ಕ್ರೋನ್‌ಸ್ಟೆಟ್ ಎಂಬಾತ ತನಗೆ ಸಿಕ್ಕ ಇಂಥದೇ ಒಂದು ಕಲ್ಲಿಗೆ ಊದುಕೊಳವೆಯಿಂದ ಉರಿ ತಾಗಿಸಿ ನೋಡಿದ. (ಐದು ವರ್ಷ ಮೊದಲು ನಿಕ್ಕಲ್ ಲೋಹವನ್ನು ಕಂಡುಹಿಡಿದವನೂ ಇವನೇ. ಕಲ್ಲು ಸುಡುವುದೆಂದರೆ ಅವನಿಗೆ ಬಹಳ ಇಷ್ಟವಿದ್ದಿರಬೇಕು.) ಒಣಗಿದ ಕಲ್ಲು, ನೀರಿನ ಪಸೆಯೂ ಕಾಣದು. ಆದರೆ ಕಾಯುತ್ತಿದ್ದಂತೆ ಅದು ನೊರೆನೊರೆಯಾಗಿ ಉಬ್ಬಿ ಹಬೆ ಬಿಟ್ಟಿತು! ಅದಕ್ಕೆ ಅವನು ಕುದಿಯುವ ಕಲ್ಲು ಎಂಬರ್ಥ ಬರುವಂತೆ ಜಿಯೋಲೈಟ್ ಎಂದು ಹೆಸರಿಟ್ಟ. ಇಂದು ಜಿಯೋಲೈಟ್ ಎಂದರೆ ಒಂದೇ ಕಲ್ಲಲ್ಲ, ಹತ್ತಾರು ಖನಿಜಗಳ ದೊಡ್ಡ ಕುಟುಂಬ. ಕಾರ್ಖಾನೆಗಳಲ್ಲಿ ತಯಾರಿಸುವ ಜಿಯೋಲೈಟ್‌ಗಳೂ ಬಹಳ ಇವೆ.

ಆ ಹಬೆಯ ನೀರು ಅಷ್ಟು ಹೊತ್ತು ಎಲ್ಲಿತ್ತು? ಕಲ್ಲಿನೊಳಗೇ ಇತ್ತು. ಜಿಯೋಲೈಟನ್ನು ಕಟ್ಟಿರುವುದು ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಪರಮಾಣುಗಳು. ಅವು ಒತ್ತೊತ್ತಾಗಿ ಕೂರದೆ, ನಡುನಡುವೆ ಕೋಣೆಗಳನ್ನೂ ಓಣಿಗಳನ್ನೂ ಬಿಟ್ಟುಕೊಂಡು ಕಟ್ಟಿಕೊಂಡಿರುತ್ತವೆ. ಕೋಣೆಯಿಂದ ಕೋಣೆಗೆ ಕಿಟಕಿ. ಚಾಬಜೈಟ್ ಎಂಬ ಜಿಯೋಲೈಟಿನ ಕಿಟಕಿಯ ಅಗಲ ಸುಮಾರು 0.38 ನ್ಯಾನೋಮೀಟರ್. ನಿಮ್ಮ ಸ್ಕೇಲಿನಲ್ಲಿರುವ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ಒಂದು ನ್ಯಾನೋಮೀಟರ್. ಕಿಟಕಿ ಅದರಲ್ಲೂ ಅರ್ಧಕ್ಕಿಂತ ಕಡಿಮೆ. ಇಂಥ ಕಿಟಕಿಗಳು ಎಣಿಸಲಾರದಷ್ಟು ಇರುವುದರಿಂದ, ಕೆಲವು ಜಿಯೋಲೈಟ್‌ಗಳ ಒಂದೇ ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹರಡಲು ಆಗುವಂತಿದ್ದರೆ ನೂರಾರು ಚದರ ಮೀಟರ್ ಜಾಗ ಬೇಕಾಗುತ್ತಿತ್ತು.

ಇನ್ನೊಂದು ಸಂಗತಿ ಇದೆ, ನಮ್ಮ ಕಥೆಗೆ ಅದೇ ಮುಖ್ಯ. ಅಲ್ಯೂಮಿನಿಯಂ ಸಿಲಿಕಾನ್‌ಗಿಂತ ಒಂದು ಧನ ವಿದ್ಯುದಂಶ ಕಡಿಮೆ ತರುತ್ತದೆ. ಹಾಗಾಗಿ ಸಿಲಿಕಾನಿನ ಜಾಗದಲ್ಲಿ ಅಲ್ಯೂಮಿನಿಯಂ ಕೂತಲ್ಲೆಲ್ಲ ಕಲ್ಲಿನ ಗೋಡೆಗೆ ಒಂದು ಋಣ ವಿದ್ಯುದಂಶ ಉಳಿದುಬಿಡುತ್ತದೆ. ಅದನ್ನು ಸರಿದೂಗಿಸಲು ಸೋಡಿಯಮ್ಮಿನಂಥ ಒಂದು ಧನ ಅಯಾನು (ಧನ ವಿದ್ಯುದಂಶ ಹೊತ್ತ ಕಣ) ಪಕ್ಕದಲ್ಲಿ ಬಂದು ಕೂರುತ್ತದೆ. ಗಟ್ಟಿಯಾಗಿ ಅಂಟಿಕೊಂಡಲ್ಲ, ಸುಮ್ಮನೆ ಕೂತಿರುತ್ತದೆ ಅಷ್ಟೆ. ಸಿಟಿ ಬಸ್ಸಿನ ಹಾಗೆ ಸೀಟುಗಳ ಲೆಕ್ಕ ಗೊತ್ತುಮಾಡಿದ್ದು. ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರಿಗೆ ಜಾಗ. ಕ್ಯಾಲ್ಸಿಯಮ್ಮಿಗೆ ಎರಡು ವಿದ್ಯುದಂಶ, ಆದ್ದರಿಂದ ಅದು ಬಂದರೆ ಎರಡು ಸೋಡಿಯಂ ಏಳಬೇಕು. ಈ ಅದಲುಬದಲಿಗೆ ಅಯಾನು ವಿನಿಮಯ ಎನ್ನುತ್ತಾರೆ.

ಇದನ್ನು ಮೊದಲು ಲೆಕ್ಕಕ್ಕೆ ತಂದದ್ದು ಜಿಯೋಲೈಟ್ ನೋಡಿದವರಲ್ಲ, ಗೊಬ್ಬರದ ಚಿಂತೆ ಹತ್ತಿದವರು. ಇಂಗ್ಲೆಂಡಿನ ಯಾರ್ಕ್‌ಷೈರಿನ ಎಚ್. ಎಸ್. ಥಾಂಪ್ಸನ್ ಎಂಬ ಜಮೀನುದಾರನಿಗೆ, ಮಳೆ ಬಂದಾಗ ಹೊಲಕ್ಕೆ ಹಾಕಿದ ಗೊಬ್ಬರದ ಸಾರ ಕೊಚ್ಚಿಹೋಗುತ್ತದೆಯೋ ಹೇಗೆ ಎಂಬ ಪ್ರಶ್ನೆ. ಮಣ್ಣು ತುಂಬಿದ ಕೊಳವೆಯ ಮೇಲಿನಿಂದ ಅಮೋನಿಯಂ ಸಲ್ಫೇಟ್ ಬೆರೆಸಿದ ನೀರು ಹಾಯಿಸಿ ಕೆಳಗೆ ಹಿಡಿದು ನೋಡಿದರೆ, ಬಂದದ್ದು ಕ್ಯಾಲ್ಸಿಯಂ ಸಲ್ಫೇಟ್! ಮಣ್ಣು ಅಮೋನಿಯಂ ಅನ್ನು ಹಿಡಿದಿಟ್ಟುಕೊಂಡು ತನ್ನಲ್ಲಿದ್ದ ಕ್ಯಾಲ್ಸಿಯಂ ಬಿಟ್ಟುಕೊಟ್ಟಿತ್ತು. ಜಾನ್ ಥಾಮಸ್ ವೇ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಇನ್ನಷ್ಟು ಕೆದಕಿದ. ಇಬ್ಬರ ಬರಹಗಳೂ 1850ರಲ್ಲಿ ಅಚ್ಚಾದವು. ನಮ್ಮ ಉತ್ತರ ಕರ್ನಾಟಕದ ಎರೆಹೊಲ ಗೊಬ್ಬರದ ಸಾರವನ್ನು ಹಿಡಿದಿಟ್ಟುಕೊಳ್ಳುವುದಕ್ಕೂ ಇದೇ ಗುಣ ಕಾರಣ. ಎರೆಮಣ್ಣಿನ ಜೇಡಿಯ ಕಣಗಳಲ್ಲೂ ಋಣ ವಿದ್ಯುದಂಶ ಹೇರಳ.

ನಂಬಿಕೆ ಬರುತ್ತಿಲ್ಲವೇ? ಮನೆಯಲ್ಲೇ ನೋಡಬಹುದು. ದೊಡ್ಡವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಬೇಕಾಗುವುದು ಒಂದು ಹಿಡಿ ಎರೆಮಣ್ಣು; ಒಣಗಿಸಿ ಕುಟ್ಟಿ ಜರಡಿ ಹಿಡಿದದ್ದು. ಬಿಸಾಡಬಹುದಾದ ಎರಡು ಪಾರದರ್ಶಕ ಲೋಟಗಳು. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಕಾಯಿಲೆಗೆಂದು ಮಾರುವ ಮೆಥಿಲೀನ್ ಬ್ಲೂ ಎಂಬ ನೀಲಿ ದ್ರವ. ಮತ್ತೆ, ಜಿಲೇಬಿಗೆ ಹಾಕುತ್ತಾರಲ್ಲ, ಆ ಕೇಸರಿ ಬಣ್ಣದ ಪುಡಿ. ಒಂದು ಲೋಟದ ನೀರಿಗೆ ನೀಲಿಯ ಒಂದೆರಡು ಹನಿ ಬಿಡಿ, ತಿಳಿನೀಲಿ ಬಂದರೆ ಸಾಕು. ಇನ್ನೊಂದಕ್ಕೆ ಕೇಸರಿ ಚಿಟಿಕೆಯಷ್ಟು. ಎರಡಕ್ಕೂ ಒಂದೊಂದು ಚಮಚ ಎರೆಮಣ್ಣು ಹಾಕಿ ಚೆನ್ನಾಗಿ ಕಲಕಿ, ರಾತ್ರಿಯಿಡೀ ಅಲ್ಲಾಡಿಸದೆ ಬಿಡಿ. ಬೆಳಗ್ಗೆ ಮಣ್ಣು ತಳ ಸೇರಿರುತ್ತದೆ, ಸ್ವಲ್ಪ ಮೇಲೆ ತೇಲುತ್ತಿದ್ದರೂ ಚಿಂತೆಯಿಲ್ಲ. ಮೊದಲ ಲೋಟದ ನೀಲಿ ಬಹುಪಾಲು ಮಣ್ಣಿನ ಜೊತೆ ಕೆಳಗಿಳಿದಿರುತ್ತದೆ. ಎರಡನೆಯ ಲೋಟ ಕೇಸರಿಯಾಗಿಯೇ ಇರುತ್ತದೆ.

ಮಣ್ಣು ಒಂದೇ, ನೀರು ಒಂದೇ. ಮೆಥಿಲೀನ್ ಬ್ಲೂ ನೀರಿನಲ್ಲಿ ಧನ ಅಯಾನಾಗಿರುತ್ತದೆ, ತಿಂಡಿಗೆ ಹಾಕುವ ಆ ಬಣ್ಣ ಋಣ ಅಯಾನು. ಋಣ ವಿದ್ಯುದಂಶ ಹೊತ್ತ ಮಣ್ಣು ಮೊದಲನೆಯದನ್ನು ಹಿಡಿದುಕೊಂಡಿತು, ಎರಡನೆಯದನ್ನು ಹತ್ತಿರ ಸೇರಿಸಲಿಲ್ಲ. (ನೀಲಿ ಬೆರಳಿಗೆ ತಾಗಿದರೆ ಬೇಗ ಹೋಗುವುದಿಲ್ಲ, ಬಟ್ಟೆಗಾದರೆ ಅಮ್ಮ ಬೈಯುವುದು ಖಂಡಿತ. ಎರಡೂ ಲೋಟದ ನೀರನ್ನು ಬಾಯಿಗಿಡಬೇಡಿ.)

ಇಂಥ ಆಯ್ಕೆಯ ಗುಣವೇ ಅಣು ವಿದ್ಯುತ್ ಸ್ಥಾವರದವರಿಗೆ ಬೇಕಾದದ್ದು. ನಮ್ಮ ಕಾಳಿ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರ್‌ಗಳಿವೆ. ಇಂಥ ರಿಯಾಕ್ಟರ್ ಒಳಗೆ ಯುರೇನಿಯಂ ಪರಮಾಣು ಒಡೆದು ಎರಡು ಹೋಳಾಗುತ್ತದೆ, ಶಾಖ ಬರುತ್ತದೆ. ಹೋಳುಗಳಲ್ಲಿ ಹಲವು ಬಗೆ. ಸೀಸಿಯಂ-137, ಸ್ಟ್ರಾನ್ಷಿಯಂ-90 ಅವುಗಳಲ್ಲಿ ಕುಖ್ಯಾತ. ಮಾಮೂಲಿ ದಿನಗಳಲ್ಲಿ ಇವು ಇಂಧನದ ಲೋಹದ ಕೊಳವೆಯೊಳಗೇ ಬಂದಿಯಾಗಿರುತ್ತವೆ. ಕೊಳವೆ ಸೀಳಿದರೆ, ತುಕ್ಕು ಹಿಡಿದರೆ, ಕರಗಿದರೆ ಮಾತ್ರ ಸುತ್ತಲ ನೀರಿಗೆ ಸೇರುತ್ತವೆ. ಸೀಸಿಯಂ ನಮ್ಮ ದೇಹಕ್ಕೆ ಹೊಕ್ಕರೆ ದೇಹ ಅದನ್ನು ಪೊಟ್ಯಾಷಿಯಂ ಎಂದು ತಿಳಿದು ಮಾಂಸಖಂಡಗಳಿಗೆ ಸೇರಿಸಿಕೊಳ್ಳುತ್ತದೆ. ಸ್ಟ್ರಾನ್ಷಿಯಮ್ಮನ್ನು ಕ್ಯಾಲ್ಸಿಯಂ ಎಂದುಕೊಂಡು ಮೂಳೆಗೆ. ಅಲ್ಲಿ ಕೂತು ಅವು ವಿಕಿರಣ ಸೂಸುತ್ತಿರುತ್ತವೆ.

ಅವು ನೀರಿನಲ್ಲಿ ಉಪ್ಪಿನಂತೆ ಕರಗಿರುವುದರಿಂದ ಮರಳಲ್ಲಿ ಸೋಸಿದರೂ ಪ್ರಯೋಜನವಿಲ್ಲ. ಆದರೆ ಕರಗಿದ ಸೀಸಿಯಂ ಒಂದು ಧನ ಅಯಾನು. ಜಿಯೋಲೈಟ್ ಹರಳು ತುಂಬಿದ ಉಕ್ಕಿನ ಪಾತ್ರೆಯ ಮೂಲಕ ನೀರು ಹಾಯಿಸಿದರೆ, ಸೀಸಿಯಂ ಕಲ್ಲಿಗೆ ಹೋಗುತ್ತದೆ, ಸೋಡಿಯಂ ನೀರಿಗೆ ಬರುತ್ತದೆ. ಸೋಡಿಯಂ ಬಂದರೆ ನಷ್ಟವೇನಿಲ್ಲ, ಉಪ್ಪಿನಲ್ಲಿರುವುದೂ ಅದೇ.

ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡಲೇಬೇಕಾಗಿ ಬಂದದ್ದು ಅಮೆರಿಕದ ತ್ರೀ ಮೈಲ್ ಐಲ್ಯಾಂಡಿನಲ್ಲಿ. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ಆ ಸ್ಥಾವರದ ಎರಡನೇ ರಿಯಾಕ್ಟರಿನ ಇಂಧನ ಭಾಗಶಃ ಕರಗಿತು. ಕಟ್ಟಡದ ನೆಲಮಾಳಿಗೆಯಲ್ಲಿ 20 ಲಕ್ಷ ಲೀಟರಿಗೂ ಹೆಚ್ಚು ವಿಕಿರಣಶೀಲ ನೀರು ತುಂಬಿಕೊಂಡಿತು. ಜಿಯೋಲೈಟ್ ಪಾತ್ರೆಗಳಲ್ಲಿ ಅದನ್ನು ಸ್ವಚ್ಛಗೊಳಿಸುವ ಕೆಲಸ 1981ರಲ್ಲಿ ಶುರುವಾಯಿತು. ಅಲ್ಲಿನ ಎಂಜಿನಿಯರುಗಳ ಒಂದು ಉಪಾಯ ನನಗೆ ಬಹಳ ಹಿಡಿಸುತ್ತದೆ. ಸೀಸಿಯಂ ತುಂಬಿದ ಹಾಗೆಲ್ಲ ಪಾತ್ರೆಯ ಹತ್ತಿರ ಮನುಷ್ಯ ಸುಳಿಯುವಂತಿಲ್ಲ. ಅದಕ್ಕೆ ಅವರು ಪಾತ್ರೆಗಳನ್ನು ಸ್ಥಾವರದಲ್ಲಿದ್ದ ಆಳವಾದ ಕೊಳದ ಒಳಗೇ ಇಳಿಸಿಬಿಟ್ಟರು! ಮೇಲಿನ ಅಡಿಗಟ್ಟಲೆ ತಿಳಿನೀರು ವಿಕಿರಣವನ್ನು ತಡೆಯಿತು, ಕೆಲಸಗಾರರು ದಡದ ಮೇಲೆ ನಿಂತು ಉದ್ದ ಸಲಕರಣೆಗಳಿಂದ ಕೆಲಸ ಮಾಡಿದರು.

ಕಲ್ಲೇ ಯಾಕೆ? ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರಿಗೆ ಸಾಫ್ಟ್‌ನರ್ ಹಾಕಿರುತ್ತಾರೆ. ಅದರೊಳಗಿರುವುದು ರೆಸಿನ್ ಎಂಬ ಪ್ಲಾಸ್ಟಿಕ್ ಜಾತಿಯ ಸಣ್ಣ ಮಣಿಗಳು, ಅವೂ ಅಯಾನು ವಿನಿಮಯವನ್ನೇ ಮಾಡುತ್ತವೆ. ರೆಸಿನ್ ಬಳಸುವ ಅಣು ಸ್ಥಾವರಗಳೂ ಇವೆ. ಆದರೆ ತೀವ್ರ ವಿಕಿರಣಕ್ಕೆ ಸಿಕ್ಕರೆ ಪ್ಲಾಸ್ಟಿಕ್ ಮುರಿದು ಹಾಳಾಗುತ್ತದೆ, ಅನಿಲ ಬಿಡುತ್ತದೆ. ಕಲ್ಲು ಜಗ್ಗುವುದಿಲ್ಲ. ಅಷ್ಟೇ ಅಲ್ಲ, ಕೊನೆಗೆ ಗಾಜಿನ ಜೊತೆ ಕರಗಿಸಿಬಿಡಬಹುದು. ಗಾಜಿನಲ್ಲೂ ಇರುವುದು ಹೆಚ್ಚಾಗಿ ಸಿಲಿಕಾನ್ ಮತ್ತು ಆಮ್ಲಜನಕವೇ ತಾನೆ?

ಇಂಗ್ಲೆಂಡಿನ ಸೆಲಫೀಲ್ಡ್ ಅಣು ಕೇಂದ್ರದ್ದು ಅಪಘಾತದ ಕಥೆಯಲ್ಲ, ದಿನನಿತ್ಯದ ಸಮಸ್ಯೆ. ಅಲ್ಲಿನ ಹಳೆಯ ರಿಯಾಕ್ಟರ್‌ಗಳ ಇಂಧನಕ್ಕೆ ಮೆಗ್ನೀಷಿಯಂ ಮಿಶ್ರಲೋಹದ ಹೊದಿಕೆ. ಉರಿದು ಮುಗಿದ ಇಂಧನವನ್ನು ತಣಿಸಲು ನೀರಿನ ಕೊಳಗಳಲ್ಲಿಟ್ಟರೆ ಆ ಹೊದಿಕೆ ಮೆಲ್ಲಗೆ ತುಕ್ಕು ಹಿಡಿದು ಸೀಸಿಯಂ ಹೊರಬರುತ್ತಿತ್ತು. ಆ ನೀರು ಕೊಳವೆಯಲ್ಲಿ ಐರಿಷ್ ಸಮುದ್ರಕ್ಕೆ ಹೋಗುತ್ತಿತ್ತು, 1970ರ ದಶಕದ ನಡುವೆ ಅದು ತೀರಾ ಹೆಚ್ಚಾಯಿತು. 1985ರಲ್ಲಿ ಜಿಯೋಲೈಟ್ ಘಟಕವೊಂದು ಅಲ್ಲಿ ಕೆಲಸ ಶುರುಮಾಡಿದ ಮೇಲೆ ಸಮುದ್ರ ಸೇರುವ ಸೀಸಿಯಂ ಬಹಳ ಇಳಿಯಿತು. ಅದಕ್ಕಾಗಿ ತರಿಸಿದ್ದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಕ್ಲಿನಾಪ್ಟಿಲೋಲೈಟ್ ಎಂಬ ಕಲ್ಲು. (ಒಮ್ಮೆ ಜೋರಾಗಿ ಹೇಳಿ ನೋಡಿ, ನಾಲಿಗೆಗೆ ಒಳ್ಳೆಯ ವ್ಯಾಯಾಮ.) ಹಿಂದೆಂದೋ ಜ್ವಾಲಾಮುಖಿಯ ಬೂದಿ ಕೆರೆಗಳಲ್ಲಿ ಬಿದ್ದು, ನೀರಿನೊಡನೆ ಬೆರೆತು ಆದ ಕಲ್ಲು ಅದು. ಕೊಳದ ನೀರು ತುಂಬಾ ಕ್ಷಾರವಾಗಿದ್ದು ಆ ಕ್ಷಾರಕ್ಕೆ ಕಲ್ಲೇ ಕರಗುತ್ತದೆಂದು, ಮೊದಲು ನೀರಿಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸುತ್ತಾರೆ; ಸೋಡಾ ಬಾಟಲಿಯಲ್ಲಿರುವ ಅನಿಲವೇ.

ಕಲ್ಲಿಗೆ ನಿಜವಾದ ಪರೀಕ್ಷೆ ಬಂದದ್ದು ಜಪಾನಿನಲ್ಲಿ. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ಫುಕುಶಿಮಾ ದಾಯಿಚಿ ಸ್ಥಾವರದ ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು. ತಣಿಸಲು ಬೇರೆ ದಾರಿ ಕಾಣದೆ ಸಮುದ್ರದ ನೀರನ್ನೇ ಸುರಿದರು. ಕರಗಿದ ಇಂಧನವನ್ನು ತೊಳೆದ ಆ ಉಪ್ಪುನೀರು ನೆಲಮಾಳಿಗೆಗಳಲ್ಲಿ ನಿಂತಿತು.

ಇಲ್ಲೊಂದು ಲೆಕ್ಕ ನೋಡಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಹತ್ತು ಗ್ರಾಂಗಿಂತ ಹೆಚ್ಚು ಸೋಡಿಯಂ ಇರುತ್ತದೆ. ಕಲುಷಿತ ನೀರಿನ ಸೀಸಿಯಮ್ಮಿನ ತೂಕ ಅದರ ಮುಂದೆ ಏನೇನೂ ಅಲ್ಲ. ಅಷ್ಟು ಚೂರಿಗೆ ಯಾಕೆ ಹೆದರಬೇಕು ಎನ್ನುವಿರಾ? ಒಂದು ಗ್ರಾಂ ಸೀಸಿಯಂ-137ರಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 3.2 ಲಕ್ಷ ಕೋಟಿ ಪರಮಾಣುಗಳು ವಿಕಿರಣ ಸೂಸಿ ಬೇರೆಯಾಗುತ್ತವೆ, ಅದಕ್ಕೇ. ಈಗ ಕಷ್ಟ ನೋಡಿ: ಸೀಟು ಹಿಡಿಯಲು ಸೋಡಿಯಂಗಳ ದೊಡ್ಡ ಜಾತ್ರೆಯೇ ನುಗ್ಗುತ್ತಿರುವಾಗ ಒಂದೊಂದು ಸೀಸಿಯಂಗೆ ಜಾಗ ಸಿಗುವುದು ಹೇಗೆ? ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ತೊಳೆಯಲು ಉಪ್ಪಿನ ಮೂಟೆ ತಂದು ಸುರಿಯುವುದೂ ಇದಕ್ಕೇ, ಸೋಡಿಯಂ ಗುಂಪುಗುಂಪಾಗಿ ನುಗ್ಗಿ ಕ್ಯಾಲ್ಸಿಯಮ್ಮನ್ನು ಎಬ್ಬಿಸಲಿ ಎಂದು. ಆ ಲೆಕ್ಕದಲ್ಲಿ ಫುಕುಶಿಮಾದ ಉಪ್ಪುನೀರು ಹಿಡಿದ ಸೀಸಿಯಮ್ಮನ್ನೂ ಬಿಡಿಸಿಕೊಂಡು ಹೋಗಬೇಕಿತ್ತು.

ಹೋಗಲಿಲ್ಲ. ನೀರಿನಲ್ಲಿ ಪ್ರತಿ ಅಯಾನಿನ ಸುತ್ತಲೂ ನೀರಿನ ಅಣುಗಳು ಮುತ್ತಿಕೊಂಡಿರುತ್ತವೆ. ಸೋಡಿಯಂ ಸಣ್ಣದು, ಅದರ ವಿದ್ಯುದಂಶ ಇಕ್ಕಟ್ಟಿನಲ್ಲಿ ಕೂಡಿಕೊಂಡಿರುವುದರಿಂದ ನೀರಿನ ಅಣುಗಳನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ, ಬಿಡಲು ಒಪ್ಪುವುದಿಲ್ಲ. ಸೀಸಿಯಂ ದೊಡ್ಡದು, ಸುಮಾರು 0.33 ನ್ಯಾನೋಮೀಟರ್ ಅಗಲ. ಅದೇ ಒಂದು ವಿದ್ಯುದಂಶ ಅಷ್ಟಗಲಕ್ಕೆ ಹರಡಿರುವುದರಿಂದ ನೀರಿನ ಮೇಲಿನ ಹಿಡಿತ ಸಡಿಲ. ಕಲ್ಲಿನ ಕಿಟಕಿಯ ಬಳಿ ಬಂದಾಗ ಸುತ್ತಲ ನೀರನ್ನು ಸುಲಭವಾಗಿ ಕೊಡವಿಕೊಂಡು ಒಳಗೆ ನುಸುಳಿ, ಗೋಡೆಗೆ ಒತ್ತಿಕೊಂಡು ಕೂರುತ್ತದೆ. ಕಿಟಕಿ 0.38, ಸೀಸಿಯಂ 0.33. ಹೆಚ್ಚುಕಡಿಮೆ ಅಳತೆ ಕೊಟ್ಟು ಮಾಡಿಸಿದಂತಿದೆ! ಸೋಡಿಯಂ ಎಷ್ಟೇ ಗುಂಪುಗಟ್ಟಿ ಬಂದರೂ ಅದನ್ನು ಎಬ್ಬಿಸುವುದು ಸುಲಭವಲ್ಲ. ಚಾಬಜೈಟ್ ಬಳಗದ ಕಲ್ಲು ತುಂಬಿದ ವ್ಯವಸ್ಥೆ ಅಲ್ಲಿ 2011ರ ಜೂನಿನಲ್ಲೇ ಕೆಲಸಕ್ಕಿಳಿಯಿತು. ಸೀಸಿಯಂ ತೆಗೆದು, ಉಪ್ಪೂ ತೆಗೆದ ನೀರನ್ನು ರಿಯಾಕ್ಟರ್ ತಣಿಸಲು ಮತ್ತೆ ಬಳಸತೊಡಗಿದರು.

ಸ್ಟ್ರಾನ್ಷಿಯಮ್ಮಿಗೆ ಇದೇ ಕಲ್ಲು ಸಾಕಾಗುವುದಿಲ್ಲ. ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ ಅದರ ಹತ್ತಿರದ ನೆಂಟ, ಎರಡರ ನಡುವೆ ಆಯ್ದುಕೊಳ್ಳುವುದು ಜಿಯೋಲೈಟಿಗೆ ಕಷ್ಟ. ಅದಕ್ಕೆ ಟೈಟೇನಿಯಂ ಸೇರಿಸಿ ತಯಾರಿಸಿದ ಬೇರೆ ಪುಡಿಗಳಿವೆ. ಹೀಗೆ ಒಂದಾದ ಮೇಲೊಂದು ಪುಡಿ ತುಂಬಿದ ಪಾತ್ರೆಗಳ ಸಾಲು 2013ರಿಂದ ಅಲ್ಲಿ ನಡೆಯುತ್ತಿದೆ, 62 ಬಗೆಯ ವಿಕಿರಣಶೀಲ ವಸ್ತುಗಳನ್ನು ತಗ್ಗಿಸಲೆಂದು ರೂಪಿಸಿದ್ದು.

ಒಂದು ಮಾತ್ರ ಯಾವ ಕಲ್ಲಿನ ಕೈಗೂ ಸಿಗುವುದಿಲ್ಲ: ಟ್ರೀಷಿಯಂ. ಅದು ಹೈಡ್ರೋಜನ್ನಿನ ವಿಕಿರಣಶೀಲ ರೂಪ. ಹೈಡ್ರೋಜನ್ ಆದಮೇಲೆ ನೀರಿನಲ್ಲಿ ಕರಗಿಕೊಂಡಿರುವುದೇಕೆ, ತಾನೇ ನೀರಾಗಿಬಿಟ್ಟಿರುತ್ತದೆ. ಸೀಸಿಯಮ್ಮಿನ ಹಾಗೆ ವಿದ್ಯುದಂಶ ಹೊತ್ತು ಬಿಡಿಯಾಗಿ ಓಡಾಡುವುದಿಲ್ಲ. ಕಲ್ಲಿಗೆ ಅದೂ ನೀರೇ, ಇದೂ ನೀರೇ. ಫುಕುಶಿಮಾದಲ್ಲಿ ಬೆಟ್ಟದ ಕಡೆಯಿಂದ ಬರುವ ಅಂತರ್ಜಲವೂ ಕಟ್ಟಡಗಳಿಗೆ ಸೇರುತ್ತಿದ್ದುದರಿಂದ ನೀರು ಬೆಳೆಯುತ್ತಲೇ ಹೋಗಿ, ಸಾವಿರಕ್ಕೂ ಹೆಚ್ಚು ಟ್ಯಾಂಕುಗಳು ತುಂಬಿದವು. 2023ರ ಆಗಸ್ಟ್ 24ರಿಂದ ಆ ನೀರಿಗೆ ಬಹಳಷ್ಟು ಸಮುದ್ರದ ನೀರು ಬೆರೆಸಿ, ಲೀಟರಿಗೆ 1,500 ಬೆಕರಲ್‌ಗಿಂತ ಕಡಿಮೆ ಟ್ರೀಷಿಯಂ ಇರುವಂತೆ ನೋಡಿಕೊಂಡು ಸ್ವಲ್ಪಸ್ವಲ್ಪವೇ ಸಮುದ್ರಕ್ಕೆ ಬಿಡುತ್ತಿದ್ದಾರೆ. (ಸೆಕೆಂಡಿಗೆ ಒಂದು ಪರಮಾಣು ವಿಕಿರಣ ಸೂಸಿದರೆ ಅದು ಒಂದು ಬೆಕರಲ್.) ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಇದು ಸುರಕ್ಷತೆಯ ನಿಯಮಗಳಿಗೆ ತಕ್ಕಂತಿದೆ ಎಂದಿತು. ಅಲ್ಲಿನ ಮೀನುಗಾರರು ವಿರೋಧಿಸಿದರು, ಚೀನಾ ಜಪಾನಿನ ಮೀನಿನ ಆಮದನ್ನೇ ನಿಲ್ಲಿಸಿತು. ತಮ್ಮ ಮೀನನ್ನು ಯಾರೂ ಕೊಳ್ಳದೆ ಹೋದರೆ ಗತಿಯೇನು ಎಂಬ ಮೀನುಗಾರರ ಭಯಕ್ಕೆ ಬೆಕರಲ್ ಲೆಕ್ಕ ಒಂದೇ ಉತ್ತರವಾಗದು ಎಂದು ನನಗನ್ನಿಸುತ್ತದೆ.

ಇನ್ನು ಸೀಸಿಯಂ ತುಂಬಿಕೊಂಡ ಕಲ್ಲಿನ ಗತಿ? ಇದನ್ನು ಕೇಳದಿದ್ದರೆ ಕಥೆ ಅರ್ಧವೇ. ಕಲ್ಲು ಸೀಸಿಯಮ್ಮನ್ನು ನಾಶ ಮಾಡುವುದಿಲ್ಲ, ಅದರ ವಿಕಿರಣವನ್ನೂ ಆರಿಸುವುದಿಲ್ಲ. ಕೆರೆಯಷ್ಟು ನೀರಿನಲ್ಲಿ ಚೆದುರಿದ್ದನ್ನು ಕೆಲವು ಪಾತ್ರೆ ಕಲ್ಲಿಗೆ ಒಟ್ಟುಮಾಡಿ ಕೊಡುತ್ತದೆ. ಅಷ್ಟಾದರೂ ದೊಡ್ಡ ಉಪಕಾರವೇ, ಯಾಕೆಂದರೆ ಅಷ್ಟೊಂದು ನೀರನ್ನು ಕಾಯುವುದಕ್ಕಿಂತ ಸ್ವಲ್ಪ ಕಲ್ಲನ್ನು ಕಾಯುವುದು ಸುಲಭ. ಸೀಸಿಯಂ-137 ಅರ್ಧಕ್ಕೆ ಇಳಿಯಲು ಸುಮಾರು 30 ವರ್ಷ, ಉಳಿದದ್ದರ ಅರ್ಧ ಹೋಗಲು ಇನ್ನೊಂದು 30. ಹೀಗೆ ಅರ್ಧ ಮಾಡುತ್ತಾ ಹೋಗಿ, ಹತ್ತು ಸಲವಾದಾಗ, ಎಂದರೆ 300 ವರ್ಷಕ್ಕೆ, ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಬೇಕಿದ್ದರೆ ಕ್ಯಾಲ್ಕುಲೇಟರಿನಲ್ಲಿ ಭಾಗಿಸಿ ನೋಡಿ.

ಅಲ್ಲಿಯವರೆಗೆ ಕಾಯುವುದೂ ಸುಮ್ಮನೆ ಕೂತು ಮಾಡುವ ಕೆಲಸವಲ್ಲ. ಕ್ರೋನ್‌ಸ್ಟೆಟ್ ಕಂಡನಲ್ಲ, ಕಲ್ಲಿನೊಳಗಿನ ನೀರು, ಅದನ್ನು ವಿಕಿರಣ ಒಡೆದು ಹೈಡ್ರೋಜನ್ ಅನಿಲ ಮಾಡುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಅದು ಕೂಡಿಕೊಂಡರೆ ಸಿಡಿಯುವ ಭಯ. ಅನಿಲ ಹೊರಹೋಗಲು ದಾರಿ ಇಡಬೇಕು, ಇಲ್ಲವೇ ಒಳಗೇ ಅದನ್ನು ಮತ್ತೆ ನೀರಾಗಿಸುವ ವ್ಯವಸ್ಥೆ ಇರಬೇಕು. ತ್ರೀ ಮೈಲ್ ಐಲ್ಯಾಂಡಿನ ಕಲ್ಲನ್ನು ವಾಷಿಂಗ್ಟನ್ ರಾಜ್ಯದ ರಿಚ್‌ಲ್ಯಾಂಡಿಗೆ ಸಾಗಿಸಿ, ಗಾಜಿನಲ್ಲಿ ಕರಗಿಸಿ ಗಟ್ಟಿ ಮಾಡುವ ಪ್ರಯೋಗ ನಡೆಸಿದರು. ಫುಕುಶಿಮಾದ ಪಾತ್ರೆಗಳನ್ನು ಸ್ಥಾವರದ ಆವರಣದಲ್ಲೇ ಕಾಂಕ್ರೀಟ್ ಗೂಡುಗಳಲ್ಲಿ ನಿಲ್ಲಿಸಿದ್ದಾರೆ.

ಅಲ್ಲೇ ಇನ್ನೊಂದು ಫಜೀತಿಯೂ ಇದೆ. ಅಪಘಾತವಾದ ಹೊಸದರಲ್ಲಿ, ಗಡಿಬಿಡಿಯಲ್ಲಿ, ಜಿಯೋಲೈಟ್ ತುಂಬಿದ ಮೂಟೆಗಳನ್ನು ಎರಡು ಕಟ್ಟಡಗಳ ನೆಲಮಾಳಿಗೆಯಲ್ಲಿ ಸಾಲಾಗಿ ಇಟ್ಟು, ಅವುಗಳ ಮೇಲೆ ಕಲುಷಿತ ನೀರು ಬಿಟ್ಟಿದ್ದರು. ಮೂಟೆಗಳು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದವು, ಸೀಸಿಯಂ ಹೀರಿ ಕೂತವು. ಈಗ ಚೀಲಗಳು ಜೀರ್ಣವಾಗಿವೆ, ಹತ್ತಿರ ಹೋದ ಮನುಷ್ಯನ ಜೀವಕ್ಕೇ ಅಪಾಯವಾಗುವಷ್ಟು ವಿಕಿರಣ. ಅದಕ್ಕಾಗಿ ನೀರಿನಡಿ ಓಡಾಡುವ ರೋಬಾಟ್‌ಗಳನ್ನು ತಯಾರಿಸಿ ಇಳಿಸಬೇಕಾಯಿತು. ಮೊದಲು ಒಂದು ರೋಬಾಟ್ ಚೆಲ್ಲಾಪಿಲ್ಲಿಯಾದ ಕಲ್ಲನ್ನು ಒಂದೆಡೆ ಗುಡ್ಡೆ ಹಾಕುವುದು, ಆಮೇಲೆ ಅದನ್ನು ನೀರಿನ ಸಮೇತ ಮೇಲಕ್ಕೆ ಹೀರಿ, ಉಪ್ಪು ತೊಳೆದು, ನೀರು ಬಸಿದು, ಲೋಹದ ಪೆಟ್ಟಿಗೆಗೆ ತುಂಬಿ ಸಮುದ್ರದಿಂದ ದೂರದ ಎತ್ತರದ ಜಾಗಕ್ಕೆ ಸಾಗಿಸುವುದು. ಯೋಜನೆ ಹಾಗಿದೆ.